ಕಾಯಿಲೆ ಅಮ್ಮನಿಗೆ, ಶಿಕ್ಷೆ ಮಗಳಿಗೆ

ಶಿವಮೊಗ್ಗ ಜಿಲ್ಲೆಗೆ ಒಂದು ದಾಖಲೆ ಇದೆ. ಹೆಮ್ಮೆಪಡೋ ದಾಖಲೆ ಏನಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಈ ಒಂದೇ ಜಿಲ್ಲೆಯ ಎರಡು ಊರುಗಳ ಹೆಸರು ಕಾಯಿಲೆಗಳ ಹೆಸರಾಗಿ ಅಚ್ಚಾಗಿದೆ. ಒಂದು ಸೊರಬ ತಾಲ್ಲೂಕಿನ ಕ್ಯಾಸನೂರು. ಇನ್ನೊಂದು ಸಾಗರ ತಾಲ್ಲೂಕಿನ ಹಂದಿಗೋಡು.

1957ರಲ್ಲಿ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಮನುಷ್ಯರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ನೋಡಿದರು. ಕಾಡಿನ ಉಣುಗು ಕಚ್ಚಿದರೆ ಹರಡುವ ಹೊಸ ವೈರಸ್ ಅದು. ವಿಜ್ಞಾನಿಗಳು ಅದಕ್ಕೆ ಊರಿನ ಹೆಸರಿಟ್ಟರು. ಜನ ಮಾತ್ರ ಇವತ್ತಿಗೂ ಮಂಗನ ಕಾಯಿಲೆ ಅಂತಲೇ ಕರೀತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದೇ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಿತು. ಆಗ ಇಡೀ ರಾಜ್ಯ ಮರುಗಿತು. ದರಕು ತರೋಕೆ, ಸೌದೆ ತರೋಕೆ ಕಾಡಿಗೆ ಹೋದವರು ಅವರು. "ನೀನ್ಯಾಕೆ ಕಾಡಿಗೆ ಹೋದೆ, ನಿನ್ನ ಚಾರಿತ್ರ್ಯ ಎಂಥದ್ದು" ಅಂತ ಯಾರೂ ಅವರನ್ನ ಕೇಳಲಿಲ್ಲ.

ಹಂದಿಗೋಡಿನ ಕಥೆ ಸ್ವಲ್ಪ ಬೇರೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಒಂದು ವಿಚಿತ್ರ ಕೀಲುರೋಗ ಕಾಣಿಸಿತು. ಸೊಂಟ ನೋವು, ಮಂಡಿ ನೋವು, ಆಮೇಲೆ ನೆಟ್ಟಗೆ ನಿಲ್ಲೋಕೂ ಆಗದ ಸ್ಥಿತಿ. ಗದ್ದೆಯ ಏಡಿ ತಿಂದಿದ್ದರಿಂದ ಬಂತು, ಗದ್ದೆಗೆ ಹೊಡೆದ ಕೀಟನಾಶಕದಿಂದ ಬಂತು ಅಂತ ಮೊದಲು ಅಂದುಕೊಂಡರು. ನಂತರದ ಅಧ್ಯಯನಗಳು ಇದು ವಂಶವಾಹಿಯ ದೋಷ, ತಲೆಮಾರಿನಿಂದ ತಲೆಮಾರಿಗೆ ಬರುತ್ತೆ ಅಂತ ಹೇಳಿದವು. ಅಲ್ಲಿಗೆ ಕಾಯಿಲೆಗೆ ಇನ್ನೊಂದು ಮುಖ ಬಂತು. ಆ ಕುಟುಂಬಗಳ ಮಕ್ಕಳಿಗೆ ಹೆಣ್ಣು ಕೊಡೋಕೆ, ಹೆಣ್ಣು ತರೋಕೆ ಜನ ಹಿಂಜರಿದರು. ಕಾಯಿಲೆ ಬಾರದ ಮಕ್ಕಳೂ "ಆ ಮನೆಯವರು" ಆಗಿಬಿಟ್ಟರು.

ಆ ಎರಡು ಶಬ್ದ ನೆನಪಿಟ್ಟುಕೊಳ್ಳಿ. ಆ ಮನೆಯವರು.

ಇವತ್ತು ನಾನು ಹೇಳಬೇಕಾಗಿರೋದು ಮೂರನೇ ಕಾಯಿಲೆಯ ಬಗ್ಗೆ. ಇದಕ್ಕೆ ಯಾವ ಊರಿನ ಹೆಸರೂ ಇಲ್ಲ. ಇರುವ ಹೆಸರನ್ನೂ ನಮ್ಮ ಜನ ಬಾಯಿಬಿಟ್ಟು ಹೇಳಲ್ಲ. "ಅದು", "ಆ ಕಾಯಿಲೆ", "ದೊಡ್ಡ ಕಾಯಿಲೆ". ಎಚ್‌ಐವಿ. ಇದರ ಇತಿಹಾಸ ಹೇಳುವಾಗ ನಾವು ಯಾವಾಗಲೂ ರೋಗಿಗಳ ಲೆಕ್ಕ ಹೇಳ್ತೀವಿ. ಪ್ರತಿ ಡಿಸೆಂಬರ್ 1ಕ್ಕೆ ಪರದೆ ಮೇಲೆ ಕೆಂಪು ರಿಬ್ಬನ್ ಬರುತ್ತೆ, ಇಷ್ಟು ಲಕ್ಷ ಸೋಂಕಿತರು ಅಂತ ಅಂಕಿ ಓಡುತ್ತೆ. ಆದರೆ ಸೋಂಕೇ ಇಲ್ಲದೆ, ಸೋಂಕಿತರ ಮಕ್ಕಳಾಗಿ ಹುಟ್ಟಿದ ಒಂದೇ ಕಾರಣಕ್ಕೆ ಶಿಕ್ಷೆ ಅನುಭವಿಸಿದವರು ಆ ಅಂಕಿಯೊಳಗೆ ಬರಲ್ಲ. ಅವರ ಇತಿಹಾಸ ಯಾರು ಬರೀಬೇಕು?

ಮೊದಲಿಂದ ಹೇಳ್ತೀನಿ ಕೇಳಿ.

1986. ಮದ್ರಾಸ್ ಮೆಡಿಕಲ್ ಕಾಲೇಜು. ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಪರೀಕ್ಷೆಗಾಗಿ ಮಾದರಿಗಳನ್ನ ವೆಲ್ಲೂರಿಗೆ ಒಯ್ದರು. ಭಾರತದಲ್ಲಿ ಎಚ್‌ಐವಿ ಇದೆ ಅಂತ ಮೊದಲ ಬಾರಿಗೆ ಗೊತ್ತಾಗಿದ್ದು ಆಗ. ಅಲ್ಲೀವರೆಗೂ ನಮ್ಮವರ ಲೆಕ್ಕಾಚಾರ ಸರಳವಾಗಿತ್ತು: ಅದು ಅಮೆರಿಕದವರ ಕಾಯಿಲೆ, ನಮ್ಮದು ಸಂಸ್ಕಾರವಂತ ದೇಶ, ಇಲ್ಲಿಗೆ ಬರಲ್ಲ. ಬಂತು. ಬಂದ ಕೂಡಲೇ ದೇಶ ಮಾಡಿದ ಮೊದಲ ಕೆಲಸ ಅದಕ್ಕೆ ಒಂದು ವಿಳಾಸ ಹುಡುಕಿದ್ದು. ಲೈಂಗಿಕ ಕಾರ್ಯಕರ್ತೆಯರು, ಲಾರಿ ಡ್ರೈವರ್‌ಗಳು, ಸೂಜಿಯಿಂದ ನಶೆ ಮಾಡುವವರು. ಅಂದರೆ "ನಮ್ಮಂಥವರಿಗೆ ಅಲ್ಲ".

1989ರಲ್ಲಿ ಗೋವಾದಲ್ಲಿ ಏನಾಯ್ತು ನೋಡಿ. ಡೊಮಿನಿಕ್ ಡಿಸೋಜಾ ಅನ್ನೋ ಯುವಕ. ರಕ್ತದಾನ ಮಾಡಿದ್ದ. ಅದರಿಂದಲೇ ಅವನಿಗೆ ಸೋಂಕಿರುವುದು ಗೊತ್ತಾಯ್ತು. ಪೊಲೀಸರು ಕರೆದುಕೊಂಡು ಹೋಗಿ ಒಂದು ಹಳೇ ಕ್ಷಯರೋಗ ಆಸ್ಪತ್ರೆಯಲ್ಲಿ ಕೂಡಿಹಾಕಿದರು. 64 ದಿನ. ಹಾಗೆ ಕೂಡಿಹಾಕೋಕೆ ಗೋವಾದಲ್ಲಿ ಕಾನೂನೇ ಇತ್ತು! ರಕ್ತದಾನ ಮಾಡಿದವನಿಗೆ ಸಿಕ್ಕ ಮರ್ಯಾದೆ ಇದು. ಅವನು ಹೊರಗೆ ಬಂದು, ಹೋರಾಟ ಮಾಡಿ, 1992ರಲ್ಲಿ ತೀರಿಕೊಂಡ. ಅದೇ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಶುರು ಮಾಡಿತು. ಜನ ಅದನ್ನ ನ್ಯಾಕೋ ಅಂತಾರೆ.

ಆಮೇಲೆ ಬಂದವು ಗೋಡೆಬರಹಗಳು. ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆ ಕಾಂಪೌಂಡ್, ಎಲ್ಲಿ ನೋಡಿದರೂ ಏಡ್ಸ್ ಮಾರಿ, ಏಡ್ಸ್‌ಗೆ ಮದ್ದಿಲ್ಲ, ಸಂಯಮವೇ ಮದ್ದು. ನಮ್ಮ ವಯಸ್ಸಿನವರಿಗೆ ಇವು ಬಾಯಿಪಾಠ. ಜಾಗೃತಿಗಾಗಿ ಬರೆದದ್ದು, ಉದ್ದೇಶ ಒಳ್ಳೇದೇ. ಆದರೆ ಆ ಕಾಂಪೌಂಡ್ ಒಳಗೆ ಐದನೇ ಕ್ಲಾಸಿನಲ್ಲಿ ಕೂತ ಮಗುವಿನ ಅಪ್ಪನಿಗೆ ಅದೇ ಕಾಯಿಲೆ ಇದ್ದರೆ? ಅದು ಆ ಗೋಡೆ ಓದಿ ಎರಡು ವಿಷಯ ಕಲಿಯುತ್ತೆ. ಒಂದು, ನಮ್ಮಪ್ಪ ಸಾಯ್ತಾನೆ. ಎರಡು, ನಮ್ಮಪ್ಪ ಕೆಟ್ಟವನು.

ಈಗ ಭದ್ರಾವತಿಗೆ ಬರೋಣ. ಕಾರಣ ಇದೆ.

ಭದ್ರಾವತಿ ಕಾರ್ಖಾನೆ ಕಟ್ಟಿದ ಊರು. 1918ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಉತ್ಪಾದನೆ ಆರಂಭ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆ. ಒಂದು ಕಡೆ ನ್ಯೂ ಟೌನ್, ಇನ್ನೊಂದು ಕಡೆ ಪೇಪರ್ ಟೌನ್. ಸಾಲು ಸಾಲು ಕ್ವಾರ್ಟರ್ಸ್. ಸೈರನ್ ಕೂಗಿದರೆ ಯಾರ ಮನೆಯವರು ಯಾವ ಶಿಫ್ಟಿಗೆ ಹೋದರು ಅಂತ ಬೀದಿಗೆಲ್ಲ ಗೊತ್ತು. ಯಾರ ಮನೇಲಿ ಏನು ಸಾರು ಅಂತಲೂ ಗೊತ್ತು. ಬಯಲುಸೀಮೆಯವರು, ಮಲೆನಾಡಿನವರು, ತಮಿಳರು, ತೆಲುಗರು, ಮಲಯಾಳಿಗಳು, ಎಲ್ಲರೂ ಕೆಲಸ ಹುಡುಕಿಕೊಂಡು ಬಂದು ಒಂದಾಗಿ ಬದುಕಿದ ಊರು. ಕಷ್ಟಕ್ಕೆ ಓಡಿಬರುವ ಊರು. ಗುಟ್ಟು ಮಾತ್ರ ಉಳಿಯದ ಊರು.

ಈ ಊರನ್ನೂ ಶಿವಮೊಗ್ಗವನ್ನೂ ಕಟ್ಟಿಹಾಕಿರೋದು ಒಂದೇ ರಸ್ತೆ. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಕಬ್ಬಿಣ, ಕಾಗದ, ಬಿದಿರು, ಶಿವಮೊಗ್ಗದ ಅಡಿಕೆ ಎಲ್ಲವೂ ಈ ರಸ್ತೆ ಮೇಲೆ ಲಾರಿಯಲ್ಲಿ ಹೋದವು. ಸಾವಿರಾರು ಮನೆಗಳ ಅನ್ನ ಲಾರಿಯಿಂದ ಬಂತು. ಏಡ್ಸ್ ನಿಯಂತ್ರಣದ ಸರ್ಕಾರಿ ಕಾಗದಪತ್ರಗಳಲ್ಲಿ ಲಾರಿ ಚಾಲಕರು "ಸೇತುವೆ ಗುಂಪು". ಹೆಚ್ಚು ಸೋಂಕಿರುವ ಗುಂಪಿನಿಂದ ಸಾಮಾನ್ಯ ಜನರಿಗೆ ಸೋಂಕು ದಾಟಿಸುವ ಸೇತುವೆ ಅನ್ನೋ ಅರ್ಥದಲ್ಲಿ. ಯೋಜನೆ ಮಾಡುವವರಿಗೆ ಆ ಶಬ್ದ ಬೇಕಾಗಿತ್ತೇನೋ. ಬೀದಿಗೆ ಇಳಿದಾಗ ಅದು ಬೈಗುಳವಾಯಿತು. ಲಾರಿ ಡ್ರೈವರ್ ಕಾಯಿಲೆ ಬಿದ್ದ ಅಂದರೆ ಸಾಕು, ರಕ್ತಪರೀಕ್ಷೆಗೂ ಮೊದಲೇ ಬೀದಿಯವರ ರಿಪೋರ್ಟ್ ಬರ್ತಾ ಇತ್ತು.

ಆ ದಿನಗಳಲ್ಲಿ ದೇಶದ ಆರು ಅಧಿಕ ಸೋಂಕಿನ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇಕಡಾ 0.28 ಇದ್ದರೆ ಕರ್ನಾಟಕದಲ್ಲಿ ಶೇಕಡಾ 0.69 ಇತ್ತು. ಶೇಕಡಾ ಒಂದಕ್ಕಿಂತ ಕಡಿಮೆ, ನಿಜ. ಆದರೆ ಒಂದು ದೊಡ್ಡ ಊರಿಗೆ ಲೆಕ್ಕ ಹಾಕಿ ನೋಡಿ. ನೂರಾರು ಮನೆ ಆಗುತ್ತೆ.

ಅಂಥ ಒಂದು ಮನೆಯ ಹೆಣ್ಣುಮಗಳ ಜತೆ ನಾನು ಮಾತಾಡಿದ್ದೇನೆ. ಭದ್ರಾವತಿಯಲ್ಲಿ ಹುಟ್ಟಿ, ಈಗ ಶಿವಮೊಗ್ಗದಲ್ಲಿ ಒಂದು ಕಡೆ ಲೆಕ್ಕಪತ್ರ ಬರೆಯುವ ಕೆಲಸ ಮಾಡ್ತಾಳೆ. ಹೆಸರು ಬೇಡ, ಬೀದಿ ಬೇಡ, ಕ್ಯಾಮೆರಾ ಬೇಡವೇ ಬೇಡ ಅಂದಳು. "ಮುಖ ಮಸುಕು ಮಾಡ್ತೀವಿ" ಅಂದೆ. "ಸಾರ್, ನಮ್ಮ ಬೀದಿಯವರಿಗೆ ನನ್ನ ಮುಖ ಬೇಕಾಗಿಲ್ಲ. ನನ್ನ ಧ್ವನಿ ಸಾಕು, ನನ್ನ ಚೂಡಿದಾರ್ ಸಾಕು" ಅಂದಳು. ಸರಿಯಾದ ಮಾತು. ಆ ಮಾತುಕತೆ ಪ್ರಸಾರ ಆಗಲಿಲ್ಲ. ಇಷ್ಟನ್ನು ಹೇಳಬಹುದು ಅಂತ ಅವಳು ಒಪ್ಪಿದ್ದನ್ನು ಮಾತ್ರ ಹೇಳ್ತಾ ಇದ್ದೀನಿ.

ಅವಳಪ್ಪ ಲಾರಿ ಓಡಿಸ್ತಾ ಇದ್ದರು. 2003ರಲ್ಲಿ ತೀರಿಕೊಂಡರು. ಆಗ ಅವಳಿಗೆ ಹತ್ತು ವರ್ಷ, ತಮ್ಮನಿಗೆ ನಾಲ್ಕು. ಕೊನೆಗಾಲದಲ್ಲಿ ಅಪ್ಪ ಮೂಳೆ-ಚಕ್ಕಳ ಆಗಿದ್ದರು. ಕೇಳಿದವರಿಗೆ ಟಿ.ಬಿ. ಅಂತ ಹೇಳಬೇಕು ಅನ್ನೋದು ಅಮ್ಮನ ಆಜ್ಞೆ. ಆದರೆ ಬೀದಿಗೆ ಗೊತ್ತಾಗಿತ್ತು. ಹೆಣ ಎತ್ತೋಕೆ ನಾಲ್ಕು ಹೆಗಲು ಸಿಗೋದು ಕಷ್ಟವಾಯಿತು. ಗಾಡಿಯಲ್ಲಿ ಸಾಗಿಸಿದರು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು ಕಾಫಿ ಮುಟ್ಟಲಿಲ್ಲ. "ಈಗಷ್ಟೇ ಕುಡಿದು ಬಂದ್ವಿ" ಅಂದರು. ಎಲ್ಲರೂ ಈಗಷ್ಟೇ ಕುಡಿದು ಬಂದಿದ್ದರಂತೆ!

ತಿಂಗಳು ತುಂಬುವ ಹೊತ್ತಿಗೆ ಮನೆ ಓನರ್ ಮನೆ ಖಾಲಿ ಮಾಡಿ ಅಂದರು. ರಿಪೇರಿ ಇದೆ ಅಂತ ನೆಪ. ಶಾಲೆಯಲ್ಲಿ ಅವಳನ್ನ ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಹೊಡೀಲಿಲ್ಲ, ಬೈಯಲಿಲ್ಲ. ಬೇರೆ ಮಕ್ಕಳ ತಂದೆತಾಯಿ ಕೇಳ್ತಾರಮ್ಮ, ಸ್ವಲ್ಪ ದಿನ ಅಂದರು. ಆ ಸ್ವಲ್ಪ ದಿನ ವರ್ಷವಾಯಿತು. ನೆಂಟರ ಮನೆಗೆ ಹೋದರೆ ಎಲ್ಲರಿಗೂ ಸ್ಟೀಲ್ ಲೋಟ, ಇವರಿಗೆ ಪೇಪರ್ ಕಪ್. ಅವಳಂದಳು, "ಸಾರ್, ಮದುವೆಮನೆ ಊಟ ಅಂದ್ರೆ ನಂಗೆ ಬಹಳ ಇಷ್ಟ. ಅಲ್ಲಿ ಎಲ್ಲರಿಗೂ ಬಾಳೆಎಲೆ."

ಅಪ್ಪನಿಗೆ ಸೋಂಕು ಹೇಗೆ ಬಂತು ಅಂತ ಅವಳಿಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ. ಯಾಕೆ ಕೇಳಬೇಕು? ಮಂಗನ ಕಾಯಿಲೆ ಬಂದವರನ್ನ ಹಾಗೆ ಕೇಳ್ತೀವಾ?

ಅಮ್ಮನಿಗೂ ಸೋಂಕಿತ್ತು. ನಮ್ಮಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ತಮ್ಮ ಸೋಂಕು ಗೊತ್ತಾಗೋದು ಎರಡೇ ಸಂದರ್ಭದಲ್ಲಿ. ಒಂದೋ ಬಸುರಿ ಇದ್ದಾಗಿನ ರಕ್ತಪರೀಕ್ಷೆಯಲ್ಲಿ, ಇಲ್ಲಾ ಗಂಡ ಹಾಸಿಗೆ ಹಿಡಿದ ಮೇಲೆ. ಗಂಡನಿಂದ ಬಂದ ಕಾಯಿಲೆಗೆ "ಇವಳ ಕಾಲ್ಗುಣ" ಅನ್ನೋ ಮಾತು ಬೇರೆ. ಅಜ್ಜಿಮನೆಯವರು ಹಾಗೇ ಅಂದರು. 2005ರಲ್ಲಿ ಅಮ್ಮ ಮಲಗಿದಾಗ ಅಡುಗೆ, ತಮ್ಮನ ಶಾಲೆ, ರೇಷನ್ ಅಂಗಡಿ, ಅಮ್ಮನಿಗೆ ಗಂಜಿ, ಎಲ್ಲಾ ಹನ್ನೆರಡು ವರ್ಷದ ಹುಡುಗಿಯ ಕೆಲಸ. ಅದಕ್ಕಿಂತ ಭಾರದ ಕೆಲಸ ಇನ್ನೊಂದಿತ್ತು. ಗುಟ್ಟು ಕಾಯೋದು. ತಮ್ಮ ಆಡ್ತಾ ಆಡ್ತಾ ಯಾರ ಹತ್ತಿರವಾದರೂ ಬಾಯಿಬಿಟ್ಟರೆ? ಅವಳ ಬಾಲ್ಯವೆಲ್ಲ ಆ ಭಯದಲ್ಲೇ ಕಳೀತು.

ಇಷ್ಟಕ್ಕೂ ಆ ಮಕ್ಕಳಿಂದ ಯಾರಿಗೆ ಏನು ಅಪಾಯ ಇತ್ತು? ಏನೂ ಇಲ್ಲ. ಎಚ್‌ಐವಿ ಹರಡೋದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಲೋಟದಿಂದ ಬರಲ್ಲ, ಬೆಂಚಿನಿಂದ ಬರಲ್ಲ, ಸೊಳ್ಳೆಯಿಂದ ಬರಲ್ಲ, ಅಪ್ಪಿಕೊಂಡರೆ ಬರಲ್ಲ. ತಾಯಿಯಿಂದ ಮಗುವಿಗೂ ಬಂದೇ ಬರುತ್ತೆ ಅಂತಿಲ್ಲ. ಯಾವ ಔಷಧಿಯೂ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ದಾಟಬಹುದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಔಷಧಿಯೇ ಇಲ್ಲದ ಕಾಲದಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೋಂಕಿಲ್ಲದೆ ಹುಟ್ಟಿ ಬೆಳೆದರು. ತಾಯಿಗೆ ಸರಿಯಾದ ಔಷಧಿ ಸಿಕ್ಕರೆ ಈ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತೆ. ಈ ಅಕ್ಕ-ತಮ್ಮ ಇಬ್ಬರಿಗೂ ಸೋಂಕಿಲ್ಲ. ರಿಪೋರ್ಟ್ ಇದೆ. ಆದರೆ ಆ ರಿಪೋರ್ಟನ್ನ ತೋರಿಸೋದು ಯಾರಿಗೆ? ತೋರಿಸಿದರೆ ಅಮ್ಮನ ವಿಷಯವೂ ಹೊರಬೀಳುತ್ತಲ್ಲ!

ಇದು ನಮ್ಮ ಮಲೆನಾಡಿನ ಪಾಪ ಮಾತ್ರ ಅಂದುಕೊಳ್ಳಬೇಡಿ. 1985ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ರಯಾನ್ ವೈಟ್ ಅನ್ನೋ ಹುಡುಗನನ್ನ ಶಾಲೆಗೆ ಬರಬೇಡ ಅಂದರು. ರಕ್ತ ಹೆಪ್ಪುಗಟ್ಟದ ಕಾಯಿಲೆಗೆ ಕೊಟ್ಟ ಔಷಧಿಯಿಂದ ಅವನಿಗೆ ಸೋಂಕು ಬಂದಿತ್ತು. ಓದಿದ ದೇಶ, ಶ್ರೀಮಂತ ದೇಶ, ಆದರೂ ಅದೇ ಭಯ. 1990ರಲ್ಲಿ ಅವನು ಸತ್ತ. ಅದೇ ವರ್ಷ ಅವನ ಹೆಸರಿನಲ್ಲೇ ಅಲ್ಲಿ ಸೋಂಕಿತರ ಚಿಕಿತ್ಸೆಗೆ ಒಂದು ಕಾನೂನು ಬಂತು. ಇನ್ನು ನಮ್ಮ ಪಕ್ಕದ ಕೇರಳ. ನೂರಕ್ಕೆ ನೂರು ಸಾಕ್ಷರತೆಯ ಮಾತಾಡುವ ರಾಜ್ಯ. ಕೊಲ್ಲಂ ಜಿಲ್ಲೆಯಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಅಕ್ಕ-ತಮ್ಮನ ಜತೆ ನಮ್ಮ ಮಕ್ಕಳು ಕೂರಲ್ಲ ಅಂತ ಊರವರು ಹಟ ಹಿಡಿದರು. 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಕ್ಯಾಮೆರಾಗಳ ಎದುರೇ ಆ ಮಕ್ಕಳನ್ನ ಅಪ್ಪಿಕೊಂಡರು. ನೂರು ಜಾಹೀರಾತು ಮಾಡದ ಕೆಲಸವನ್ನ ಆ ಒಂದು ದೃಶ್ಯ ಮಾಡಿತು. ಅದೇ ವರ್ಷ ಭದ್ರಾವತಿಯಲ್ಲಿ ಒಬ್ಬಳು ಹುಡುಗಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅಲ್ಲಿಗೆ ಯಾವ ಸಚಿವರೂ ಬರಲಿಲ್ಲ.

ಈಗ ಇತಿಹಾಸದ ತಿರುವಿಗೆ ಬರೋಣ.

1996ರ ಹೊತ್ತಿಗೇ ಎಚ್‌ಐವಿಯನ್ನ ಹಿಡಿತದಲ್ಲಿಡುವ ಔಷಧಿಗಳ ಜೋಡಣೆ ಗೊತ್ತಾಗಿತ್ತು. ಬೆಲೆ? ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲೆ. ಲಾರಿ ಡ್ರೈವರ್ ಬಿಡಿ, ಲಾರಿ ಮಾಲೀಕರಿಗೂ ಆಗದ ಮಾತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಔಷಧಿಯನ್ನ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀನಿ ಅಂತ ಘೋಷಿಸಿದರು. ಜಗತ್ತು ಬೆಚ್ಚಿಬಿತ್ತು. ಆಫ್ರಿಕಾದ ಲಕ್ಷಾಂತರ ಜನರನ್ನ ಉಳಿಸಿದ್ದು ಹೀಗೆ ಅಗ್ಗವಾದ ಭಾರತದ ಮಾತ್ರೆಗಳು. ಆದರೆ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ಸಿಗೋಕೆ ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಅದೂ ಇಡೀ ದೇಶದಲ್ಲಿ ಎಂಟು ಆಸ್ಪತ್ರೆಗಳಲ್ಲಿ. ಕರ್ನಾಟಕಕ್ಕೆ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ.

ಲೆಕ್ಕ ಹಾಕಿ. ಅಪ್ಪ ಹೋದದ್ದು 2003. ಮಾತ್ರೆ ಬಂದದ್ದು 2004. ಒಂದೇ ಒಂದು ವರ್ಷ!

ಆ ಮಾತ್ರೆ ಕೂಡ ಕೇಳಿದವರಿಗೆಲ್ಲ ಸಿಗ್ತಾ ಇರಲಿಲ್ಲ. ರಕ್ತದಲ್ಲಿ ಸಿಡಿ-4 ಅನ್ನೋ ರಕ್ಷಣಾ ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದರೆ, ಅಥವಾ ಕಾಯಿಲೆ ತೀರಾ ಬಲಿತಿದ್ದರೆ ಮಾತ್ರ ಕೊಡ್ತಾ ಇದ್ದರು. ಅಂದರೆ ಬದುಕಬೇಕಾದರೆ ಮೊದಲು ಸಾವಿನ ಹತ್ತಿರ ಹೋಗಬೇಕಿತ್ತು. ನಂತರದ ವರ್ಷಗಳಲ್ಲಿ ಆ ಮಿತಿ 350 ಆಯಿತು, 500 ಆಯಿತು. 2017ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಸೋಂಕು ಗೊತ್ತಾದ ಕೂಡಲೇ ಮಾತ್ರೆ. ಈ ಔಷಧಿ ಕೊಡುವ ಜಾಗಕ್ಕೆ ಎಆರ್‌ಟಿ ಕೇಂದ್ರ ಅಂತಾರೆ. ಈಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಇದೆ.

ಅವಳಮ್ಮ 2006ರಲ್ಲಿ ಮಾತ್ರೆ ಶುರು ಮಾಡಿದರು. ಮೊದಲು ಬೆಂಗಳೂರಿಗೆ ರಾತ್ರಿ ರೈಲು. ತಾಯಿ-ಮಗಳು ಇಬ್ಬರೇ. ಕೇಳಿದವರಿಗೆ "ಕಣ್ಣಿನ ಆಪರೇಷನ್". ಆಮೇಲೆ ಔಷಧಿ ಹತ್ತಿರದಲ್ಲೇ ಸಿಕ್ಕಿತು. ಹತ್ತಿರ ಸಿಕ್ಕಿತು ಅಂತ ಖುಷಿಪಟ್ಟರಾ? ಇಲ್ಲ. ಗುರುತಿನವರು ಸಿಕ್ಕರೆ ಅನ್ನೋ ಭಯ! ತಲೆ ಮೇಲೆ ಸೆರಗು ಎಳೆದುಕೊಂಡು ಸರದಿಯಲ್ಲಿ ನಿಲ್ಲೋದು. ಮಾತ್ರೆ ಡಬ್ಬಿಯ ಲೇಬಲ್ ಕಿತ್ತುಹಾಕಿ ಹಾರ್ಲಿಕ್ಸ್ ಬಾಟಲಿಗೆ ಸುರಿಯೋದು ಮಗಳ ಕೆಲಸ. ರಾತ್ರಿ ಎಂಟಕ್ಕೆ ನೆನಪಿಸೋದೂ ಅವಳೇ. ಒಂದು ಹೊತ್ತೂ ತಪ್ಪಿಸಲಿಲ್ಲ. ಅಮ್ಮ ಇವತ್ತು ಗಟ್ಟಿಮುಟ್ಟಾಗಿದ್ದಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇದೆ. ಹಾಗೆ ಮಾತ್ರೆ ತಪ್ಪಿಸದೆ ವೈರಸ್ಸನ್ನ ಅಡಗಿಸಿಟ್ಟವರಿಂದ ಸಂಗಾತಿಗೂ ಸೋಂಕು ದಾಟಲ್ಲ ಅಂತ ವಿಜ್ಞಾನ ಈಗ ಖಚಿತವಾಗಿ ಹೇಳಿದೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದ ಹಾಗೆ ಇದೂ ಒಂದು. ಮಾತ್ರೆ ನುಂಗಿ, ಬದುಕಿ.

ಮದ್ದಿಲ್ಲ ಅಂತ ಗೋಡೆ ಮೇಲೆ ಬರೆದವರು ಮದ್ದು ಬಂತು ಅಂತ ಅದೇ ಗೋಡೆ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೀಬೇಕಿತ್ತು. ಬರೆದರಾ? ಹಾಗಾಗಿ ಕಾಯಿಲೆ ಬದಲಾಯಿತು, ಕಾಯಿಲೆಯ ಹೆಸರು ಕೇಳಿದಾಗ ನಮ್ಮ ಮುಖದ ಮೇಲೆ ಬರುವ ಭಾವ ಮಾತ್ರ ಬದಲಾಗಲಿಲ್ಲ.

ಕಾನೂನಿನ ಕಥೆ ಇನ್ನೂ ನಿಧಾನ. 2006ರಲ್ಲೇ ವಕೀಲರ ಸಂಘಟನೆಯೊಂದು ಸೋಂಕಿತರ ಜತೆ ಕೂತು ಕರಡು ಸಿದ್ಧ ಮಾಡಿತ್ತು. ಅದು ಸಂಸತ್ತಿನಲ್ಲಿ ಪಾಸಾಗಿದ್ದು 2017ರ ಏಪ್ರಿಲ್‌ನಲ್ಲಿ. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಹನ್ನೆರಡು ವರ್ಷ. ಒಂದು ಮಗು ಒಂದನೇ ಕ್ಲಾಸಿಗೆ ಸೇರಿ ಪಿಯುಸಿ ಮುಗಿಸುವಷ್ಟು ಕಾಲ!

ಆದರೂ ಒಂದು ಮಾತು ಹೇಳಲೇಬೇಕು. ಈ ಕಾನೂನು ಬರೆದವರಿಗೆ ಆ ಮನೆಗಳ ಒಳಗು ಗೊತ್ತಿತ್ತು. ಕಾನೂನಿನಲ್ಲಿ "ಸಂರಕ್ಷಿತ ವ್ಯಕ್ತಿ" ಅಂತ ಒಂದು ಶಬ್ದ ಇದೆ. ಯಾರು ಸಂರಕ್ಷಿತ ವ್ಯಕ್ತಿ? ಸೋಂಕಿತರು. ಸೋಂಕಿತರ ಜತೆ ಒಂದೇ ಮನೆಯಲ್ಲಿ ಇರುವವರು. ಅಷ್ಟೇ ಅಲ್ಲ, ಸೋಂಕಿತರ ಜತೆ ಹಿಂದೆ ಯಾವಾಗಲೋ ವಾಸ ಮಾಡಿದ್ದವರು ಕೂಡ. ಅಂದರೆ ತೀರಿಹೋದ ಅಪ್ಪನ ಕಾರಣಕ್ಕೆ ಇವತ್ತು ಅವಳಿಗೆ ಯಾರಾದರೂ ಕೆಲಸ ಕೊಡದಿದ್ದರೆ, ಬಾಡಿಗೆ ಮನೆ ಕೊಡದಿದ್ದರೆ, ಶಾಲೆಯಲ್ಲಿ ಬೇರೆ ಕೂರಿಸಿದರೆ, ಅದು ಕಾನೂನು ನಿಷೇಧಿಸಿದ ತಾರತಮ್ಯ. "ಆ ಮನೆಯವರು" ಅನ್ನೋ ಬೀದಿಯ ಎರಡು ಶಬ್ದಕ್ಕೆ ಸಂಸತ್ತು ಕೊಟ್ಟ ಎರಡು ಶಬ್ದದ ಉತ್ತರ ಇದು.

ಇನ್ನೂ ಒಂದು ಕಲಂ ಇದೆ, 32ನೆಯದು. ಸೋಂಕಿನಿಂದ ಬಾಧಿತವಾದ ಕುಟುಂಬದಲ್ಲಿ 12 ದಾಟಿದ, 18 ತುಂಬದ ಮಗು ಮನೆಯ ವ್ಯವಹಾರ ನಿಭಾಯಿಸುವಷ್ಟು ಪ್ರಬುದ್ಧವಾಗಿದ್ದರೆ, ಶಾಲೆಗೆ ಸೇರಿಸೋದು, ಚಿಕಿತ್ಸೆ ಕೊಡಿಸೋದು ಇಂಥ ವಿಷಯಗಳಲ್ಲಿ ಅದು ತನ್ನ ತಮ್ಮ-ತಂಗಿಯ ಪೋಷಕರಾಗಿ ಸಹಿ ಹಾಕಬಹುದು. ಓದಿದಾಗ ನನಗೆ ಗಂಟಲು ಕಟ್ಟಿತು. ಹನ್ನೆರಡು ವರ್ಷದ ಅಕ್ಕಂದಿರು ಈ ದೇಶದಲ್ಲಿ ಎಷ್ಟು ಮನೆ ನಡೆಸಿರಬೇಕು, ಕಾನೂನು ಅವರಿಗಾಗಿ ಒಂದು ಕಲಂ ಬರೆಯುವಷ್ಟು! 2005ರಲ್ಲಿ ತಮ್ಮನ ಶಾಲೆಯ ಅರ್ಜಿಗೆ ದೊಡ್ಡವರ ಸಹಿ ತಾ ಅಂದಾಗ ಅವಳು ಬೀದಿ ಬೀದಿ ಅಲೆದಿದ್ದಳು.

ಈಗ ನೇರವಾಗಿ ಕೇಳ್ತೀನಿ. ಈ ಕಾನೂನು ಎಷ್ಟು ಜನಕ್ಕೆ ಗೊತ್ತು? ನೂರು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲಿ, 20 ಅಥವಾ ಹೆಚ್ಚು ಜನರಿರುವ ಪ್ರತಿ ಆಸ್ಪತ್ರೆಯಲ್ಲಿ ಒಬ್ಬ ದೂರು ಅಧಿಕಾರಿ ಇರಬೇಕು ಅನ್ನುತ್ತೆ ಕಾನೂನು. ನಿಮ್ಮ ಆಫೀಸಿನಲ್ಲಿ ಆ ಅಧಿಕಾರಿ ಯಾರು? ರಾಜ್ಯಕ್ಕೆ ಒಬ್ಬ ಲೋಕಪಾಲಕರ ಮಾದರಿಯ ಅಧಿಕಾರಿ ಇರಬೇಕು, ಅವರಿಗೆ ಯಾರು ಬೇಕಾದರೂ ದೂರು ಕೊಡಬಹುದು ಅನ್ನುತ್ತೆ ಕಾನೂನು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತೆ ಅಂತ ನಮ್ಮ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಯಾರಾದರೂ ಬರೆದಿದ್ದಾರಾ? ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಎರಡು ವರ್ಷದವರೆಗೆ ಜೈಲು ಅಂತ ಇದೆ. ವಾಟ್ಸಾಪ್ ಗುಂಪಿನಲ್ಲಿ "ಆ ಮನೆ ಕಡೆ ಹೋಗಬೇಡಿ" ಅಂತ ಹಾಕುವವರಿಗೆ ಇದು ಗೊತ್ತಿರಲಿ.

ಟಿ.ವಿ. ಮಾಧ್ಯಮಕ್ಕೂ ಒಂದು ಮಾತು. ಮುಖ ಮಸುಕು ಮಾಡಿ, ಮನೆಯ ಬಾಗಿಲು ತೋರಿಸಿ, ಬೀದಿಯ ತಿರುವು ತೋರಿಸಿ, ಅಕ್ಕಪಕ್ಕದವರ ಬೈಟ್ ತಗೊಂಡರೆ ಮಸುಕು ಮಾಡಿ ಪ್ರಯೋಜನವೇನು? ಬೆಂಗಳೂರಿನ ವೀಕ್ಷಕರಿಗೆ ಅದು ಅನಾಮಿಕ ಹುಡುಗಿ. ಅವಳ ಊರಿನವರಿಗೆ ಅದು ವಿಳಾಸ ಸಮೇತ ಪ್ರಕಟಣೆ. ಅಯ್ಯೋ ಪಾಪ ಅನಿಸುವ ಸಂಗೀತ ಹಾಕುವ ಬದಲು ಎಆರ್‌ಟಿ ಕೇಂದ್ರ ಎಲ್ಲಿದೆ, ಕಾನೂನು ಏನು ಹೇಳುತ್ತೆ, 1097 ಅನ್ನೋ ಉಚಿತ ಸಹಾಯವಾಣಿ ಇದೆ ಅಂತ ಒಂದು ಪಟ್ಟಿ ಓಡಿಸಿದರೆ ಸಾಕು.

2020ರಲ್ಲಿ ಕೊರೊನಾ ಬಂದಾಗ ನಮ್ಮ ನಿಮ್ಮ ಮನೆ ಬಾಗಿಲಿಗೂ ಸ್ಟಿಕರ್ ಅಂಟಿಸಿದರು. ಹಾಲಿನವನು ಗೇಟಿನಿಂದಲೇ ಪ್ಯಾಕೆಟ್ ಎಸೆದು ಹೋದ. ಎದುರುಮನೆಯವರು ಕಿಟಕಿ ಹಾಕಿಕೊಂಡರು. ಎಷ್ಟು ಅವಮಾನ ಅನಿಸಿತು ಅಲ್ವಾ? ಎಷ್ಟು ಸಿಟ್ಟು ಬಂತು! ಅದು ಹದಿನಾಲ್ಕು ದಿನದ ಮಾತು. ಹದಿನಾಲ್ಕು ದಿನದ ನಂತರ ಸ್ಟಿಕರ್ ಕಿತ್ತರು. ಈ ಮಕ್ಕಳ ಬಾಗಿಲಿನ ಸ್ಟಿಕರ್ ಕೀಳೋರು ಯಾರು?

ಆ ಹುಡುಗಿಗೆ ಈಗ ಮದುವೆಯ ಮಾತು ನಡೀತಾ ಇದೆ. ಎರಡು ಸಂಬಂಧ ತಪ್ಪಿದೆ. ಎರಡನೆಯ ಸಲ ಗಂಡಿನ ಕಡೆಯವರು ಭದ್ರಾವತಿಗೆ ಹೋಗಿ ಹಳೇ ಬೀದಿಯಲ್ಲಿ ವಿಚಾರಿಸಿದ್ದರು. ಇಪ್ಪತ್ತು ವರ್ಷದ ನಂತರವೂ ಬೀದಿ ಮರೆತಿರಲಿಲ್ಲ. "ಮುಚ್ಚಿಟ್ಟು ಮದುವೆ ಮಾಡ್ತಾ ಇದ್ದರು" ಅಂದರಂತೆ. ಅವಳು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ನಂಗೆ ಯಾವ ಕಾಯಿಲೆಯೂ ಇಲ್ಲ. ನಾನು ಏನನ್ನ ಮುಚ್ಚಿಟ್ಟೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವಳೂ ಅವಳಲ್ಲ. ಸಂಬಂಧ ನೋಡೋಕೆ ಹೋಗುವವರು ಹುಡುಗಿಯ ಬಗ್ಗೆ ವಿಚಾರಿಸಲಿ, ತಪ್ಪಿಲ್ಲ. ಹತ್ತನೇ ವಯಸ್ಸಿನಿಂದ ಒಂದು ಮನೆ ನಡೆಸಿದವಳು, ಸಾಯಬೇಕಿದ್ದ ತಾಯಿಯನ್ನ ಒಂದು ಹೊತ್ತೂ ಮಾತ್ರೆ ತಪ್ಪದಂತೆ ನೋಡಿಕೊಂಡು ಬದುಕಿಸಿದವಳು, ತಮ್ಮನನ್ನ ಓದಿಸಿದವಳು. ಇದನ್ನೂ ಆ ಬೀದಿಯಲ್ಲಿ ಯಾರಾದರೂ ಹೇಳಬೇಕಿತ್ತು. ಮುಂದಿನ ಸಲ ನಿಮ್ಮ ಬೀದಿಗೆ ಯಾರಾದರೂ ಹೀಗೆ ವಿಚಾರಿಸೋಕೆ ಬಂದರೆ, ದಯವಿಟ್ಟು ನೀವು ಹೇಳಿ.